ಕೊಂಡ ಬೆಲೆ ಎಷ್ಟು?

ಸುಮಾರು ಮೂವತ್ತು ವರ್ಷ ಕುಂಭಕರ್ಣನಂತೆ ಮಲಗಿದ್ದ ನೂರು ಶೇರುಗಳನ್ನು ಕಳೆದ ವರ್ಷ ಮಾರಿದೆ. ಒಂದಕ್ಕೆ 1,800 ರೂಪಾಯಿಯಂತೆ 1.80 ಲಕ್ಷ ಬಂತು. ಜುಲೈನಲ್ಲಿ ಆಡಿಟರ ಫೋನೂ ಬಂತು. "ಮಾರಿದ ಬೆಲೆ ಗೊತ್ತಾಯ್ತು ಸಾರ್. ಕೊಂಡ ಬೆಲೆ ಎಷ್ಟು?"

ಡಿಮ್ಯಾಟ್ ಖಾತೆ ತೆರೆದು ನೋಡಿದೆ. ಆ ಕಾಲಂನಲ್ಲಿ ಸೊನ್ನೆಯೊಂದು ದುಂಡಗೆ ಕೂತಿತ್ತು. ಕಾಗದದ ಸರ್ಟಿಫಿಕೇಟುಗಳನ್ನು ಡಿಮ್ಯಾಟಿಗೆ ಹಾಕಿಸಿದಾಗ ಶೇರುಗಳು ಒಳಗೆ ಹೋಗಿದ್ದವು, ಬೆಲೆ ಹೊರಗೇ ಉಳಿದಿತ್ತು. ಸೊನ್ನೆಗೆ ಕೊಂಡೆ ಎಂದರೆ ಬಂದದ್ದೆಲ್ಲ ಲಾಭವೇ. ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ಮಾಫಿ, ಮಿಕ್ಕ 55,000ಕ್ಕೆ ಶೇಕಡಾ 12.5ರಂತೆ 6,875 ರೂಪಾಯಿ ತೆರಿಗೆ.

ಹಳೆಯ ಕಾಂಟ್ರಾಕ್ಟ್ ನೋಟ್ ಹುಡುಕಲು ಅಟ್ಟ ಹತ್ತಿದೆ. ಮಾರಿಹೋದ ಸ್ಕೂಟರಿನ ಇನ್ಶೂರೆನ್ಸ್ ಸಿಕ್ಕಿತು. ಗ್ಯಾಸ್ ಕನೆಕ್ಷನ್ನಿನ ರಸೀದಿ ಸಿಕ್ಕಿತು. ಬ್ಯಾಂಕಿಗೆ ಹಾಕಲು ಮರೆತ ಹದಿನೆಂಟು ರೂಪಾಯಿಯ ಡಿವಿಡೆಂಡ್ ವಾರಂಟು ಕೂಡ ಸಿಕ್ಕಿ ಹೊಟ್ಟೆ ಉರಿಸಿತು.

ಏಣಿ ಹಿಡಿದಿದ್ದ ನನ್ನಾಕೆ ಕೇಳಿದಳು: "ಏನ್ರೀ ಹುಡುಕ್ತಿರೋದು?"

"ಆ ಶೇರು ಎಷ್ಟಕ್ಕೆ ತಗೊಂಡೆ ಅಂತ."

"ಅದಕ್ಕೆ ಅಟ್ಟ ಯಾಕೆ ಹತ್ತಬೇಕು? 1996ರ ಗೌರಿ ಹಬ್ಬಕ್ಕೆ ಮೈಸೂರು ಸಿಲ್ಕ್ ಕೊಡಿಸ್ತೀನಿ ಅಂತ ಹೋದೋರು, ದುಡ್ಡನ್ನ ಬ್ರೋಕರ್ ಕೈಗಿಟ್ಟು ಬಂದ್ರಿ. ನಾಲ್ಕು ಸಾವಿರದ ಇನ್ನೂರು. ಒಂದಕ್ಕೆ ನಲವತ್ತೆರಡು."

ಮೈಮೇಲಿನ ಧೂಳೂ ಕೊಡವದೆ ಆಡಿಟರಿಗೆ ತಿಳಿಸಿದೆ. "ನಲವತ್ತೆರಡು ಬೇಕಾಗಿಲ್ಲ ಸಾರ್, ತೊಂಬತ್ತಾರು ಸಾಕು" ಎಂದರು. 2018ರ ಜನವರಿ 31ರೊಳಗೆ ಕೊಂಡ ಶೇರಾದರೆ, ಆ ದಿನ ಮಾರುಕಟ್ಟೆಯಲ್ಲಿ ಅದು ಮುಟ್ಟಿದ ಗರಿಷ್ಠ ಬೆಲೆಯನ್ನು ಕೊಂಡ ಬೆಲೆಯಾಗಿ ಹಿಡಿಯಬಹುದಂತೆ; ಮಾರಿದ ಬೆಲೆ ಅದಕ್ಕಿಂತ ಕಡಿಮೆ ಇರಬಾರದು, ಅಷ್ಟೇ. ನನ್ನ ಶೇರು ಅಂದು 610 ಮುಟ್ಟಿತ್ತು. ಲಾಭ 1.19 ಲಕ್ಷಕ್ಕೆ ಇಳಿಯಿತು, ತೆರಿಗೆ ಸೊನ್ನೆಯಾಯಿತು.

"ಇದನ್ನ ಮೊದಲೇ ಹೇಳಬಾರದಿತ್ತೇ?"

"ಯಾವಾಗ ಕೊಂಡಿರಿ ಅಂತ ನೀವೆಲ್ಲಿ ಹೇಳಿದ್ರಿ?"

ಸ್ಪೀಕರಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡ ನನ್ನಾಕೆ ತಣ್ಣಗೆ ಅಂದಳು: "ಹಾಗಾದ್ರೆ ನನ್ನ ಸೀರೇನೂ ಹಳೇ ಬೆಲೆಗೆ ಹಿಡೀಬೇಡಿ."

ಹಿಡಿಯಲಿಲ್ಲ. ಉಳಿದ ತೆರಿಗೆಯ ಮೂರರಷ್ಟು ಸೀರೆಗೆ ಹೋಯಿತು. ಅದರ ಬಿಲ್ಲನ್ನು ಮಾತ್ರ ಜೋಪಾನವಾಗಿ ಫೈಲಿನಲ್ಲಿಟ್ಟಿದ್ದೇನೆ.