ಮುಂದ ಹೋಗಿ ಕೇಳ್ರಿ

ಕಾಕು, ನಿಮ್ಮ ಮಗಾ ನಡುರಾತ್ರ್ಯಾಗ ‘ಇಪ್ಪತ್ತಾರಕ್ಕ ಅರವತ್ನಾಲ್ಕು, ಇಪ್ಪತ್ತೇಳಕ್ಕ ಮೂವತ್ತೆರಡು’ ಅಂತ ಬಡಬಡಿಸಾಕತ್ತಾನಂತ ಗಾಬರಿ ಆಗಬ್ಯಾಡ್ರಿ. ದೆವ್ವ ಬಡದಿಲ್ಲ, ಸಿಸಿಎನ್‌ಎ ಬಡದೈತಿ. ಅದು ಸಬ್‌ನೆಟ್ಟಿನ, ಅಂದ್ರ ನೆಟ್‌ವರ್ಕ್ ತುಂಡು ಮಾಡೂ ಲೆಕ್ಕ. ಸ್ಲ್ಯಾಶ್ 26 ಅಂದ್ರ 64 ವಿಳಾಸ. ಮೊದಲಿಂದು, ಕಡೀದು ಬಿಟ್ಟು 62 ಮಶಿನ್ನಿಗೆ ಸಿಗತಾವ.

ಸಿಸಿಎನ್‌ಎ ಅಂದ್ರ ಸಿಸ್ಕೊ ಅನ್ನೂ ಅಮೆರಿಕಾದ ಕಂಪನಿ 1998ರಾಗ ಶುರು ಮಾಡಿದ ನೆಟ್‌ವರ್ಕ್ ಪರೀಕ್ಷಾ. ಎರಡು ತಾಸು. ಒಂದು ಪ್ರಶ್ನಿ ದಾಟಿದ್ರ ಹಿಂದಕ್ಕ ಬರಾಕ ಬರೂದಿಲ್ಲ. ಫೀ 300 ಡಾಲರ್, ಅಂದ್ರ ಇಪ್ಪತ್ತೈದು ಸಾವಿರ ರೂಪಾಯಿ ಮ್ಯಾಲ. ಪಾಸಾದ್ರೂ ಮೂರು ವರ್ಷದ ಬಾಳಿಕಿ.

‘ಮೂರ ವರ್ಷ? ನಮ್ಮ ಮಾವನವರ ಮುಲ್ಕಿ ಸರ್ಟಿಫಿಕೇಟ್ ಇನ್ನೂ ಟ್ರಂಕಿನ್ಯಾಗ ಐತಿ’ ಅಂತೀರಿ. ಖರೇನ. ಆದ್ರ ಇದು ಮುಲ್ಕಿ ಹಂಗ ನಿಂತಲ್ಲೇ ನಿಲ್ಲೂದಲ್ರಿ. ನಿಮ್ಮ ಮಗಗ ಬಬಲೇಶ್ವರದ ಗೆಳ್ಯಾ ಕೊಟ್ಟ ಪುಸ್ತಕದ ಮ್ಯಾಲ ‘ರೂಟಿಂಗ್ ಅಂಡ್ ಸ್ವಿಚಿಂಗ್’ ಅಂತ ಐತೆಲ್ಲಾ, ಆ ಹೆಸರಿನ ಸಿಸಿಎನ್‌ಎ 2020ರ ಫೆಬ್ರುವರಿ 24ಕ್ಕ ಬಂದ್ ಆತು. ಅದರ ಜಾಗಾದಾಗ ಬಂದದ್ದು 200-301 ಅನ್ನೂ ಪರೀಕ್ಷಾ. ಅದರಾಗ ವೈ-ಫೈ, ಭದ್ರತಾ, ಆಟೊಮೇಶನ್ ಎಲ್ಲಾ ತುಂಬ್ಯಾರ. ಹಂಗಂತ ಆ ಪುಸ್ತಕ ರದ್ದಿಗೆ ಹಾಕಬ್ಯಾಡ್ರಿ, ಬುನಾದಿ ಅದ ಐತಿ.

ರೂಟಿಂಗ್ ಅಂದ್ರ ಏನಂತೀರಿ? ಹೊಸಬ ಒಬ್ಬಾಂವ ನಮ್ಮೂರ ಗಾಂಧಿ ಚೌಕಿನ್ಯಾಗ ಇಳದು ತಿಕೋಟಾದ ಆಚಿ ಒಂದು ತೋಟದ ವಸ್ತಿ ಕೇಳ್ತಾನನ್ರಿ. ಚೌಕಿನಾಂವ ‘ಅಥಣಿ ರೋಡ್ ಹಿಡೀರಿ, ಮುಂದ ಹೋಗಿ ಕೇಳ್ರಿ’ ಅಂತಾನ. ತೊರವಿಯಾಂವ ‘ನೆಟ್ಟಗ ತಿಕೋಟಾಕ್ಕ ಹೋಗ್ರಿ, ಅಲ್ಲಿ ಕೇಳ್ರಿ’ ಅಂತಾನ. ತಿಕೋಟಾದ ದ್ರಾಕ್ಷಿ ತೋಟದಾಂವ ಮನಿ ಬಾಗಲಾನ ತೋರಸ್ತಾನ. ಪೂರ್ತಿ ದಾರಿ ಯಾರೂ ಹೇಳಲಿಲ್ಲ, ಬಂದಾಂವ ಮುಟ್ಟಿದ. ರೂಟರ್ ಮಾಡೂದೂ ಇಷ್ಟ. ಬಬಲೇಶ್ವರ ಅಂದ್ರ ಜಮಖಂಡಿ ರೋಡ್ ತೋರಸತೈತಿ. ಹೆಸರ ಕೇಳದ ಊರಾದ್ರ, ‘ಬಸ್ ಸ್ಟ್ಯಾಂಡಿಗೆ ಹೋಗಿ ಕೇಳ್ರಿ’. ಅದಕ್ಕ ಡಿಫಾಲ್ಟ್ ರೂಟ್ ಅಂತಾರ.

ಚೌಕಿನಾವಗ ಯಾರು ಹೇಳಿಕೊಟ್ರು? ಒಳ್ಳೇ ಪ್ರಶ್ನಿ, ಕಾಕು. ಓಎಸ್‌ಪಿಎಫ್ ಅನ್ನೂ ಪದ್ಧತ್ಯಾಗ ರೂಟರ್‌ಗೋಳು ತಮ್ಮೊಳಗ ಸುದ್ದಿ ಹಂಚಿಕೊಂಡು, ನಕಾಶಿ ಮಾಡಿ, ಕಡಿಮಿ ಖರ್ಚಿನ ದಾರಿ ಹುಡುಕತಾವ. ಆ ಲೆಕ್ಕಾ ಡೈಕ್‌ಸ್ಟ್ರಾ ಅನ್ನೂ ಡಚ್ ಮನಶ್ಯಾ 1956ರಾಗ ಆಮ್‌ಸ್ಟರ್‌ಡ್ಯಾಮಿನ ಕಾಫಿ ಅಂಗಡ್ಯಾಗ ಕುಂತು, ಕಾಗದ-ಪೆನ್ಸಿಲ್ ಇಲ್ದ, ಇಪ್ಪತ್ತು ನಿಮಿಷದಾಗ ಹೊಂದಿಸಿದ್ದು.

‘ನಮ್ಮ ಹುಡುಗೂರು ದಿನಾ ಎರಡು ತಾಸು ಚಾದಂಗಡ್ಯಾಗ ಕುಂದರತಾವ, ಬಿಲ್ಲಿನ ಲೆಕ್ಕಾನೂ ಹೊಂದೂದಿಲ್ಲ’ ಅಂತೀರಿ. ಅದಕ್ಕ ನನ್ನ ಕಡೆ ಉತ್ತರ ಇಲ್ರಿ.

ದಾರಿ ತಪ್ಪಿ ಎರಡು ರೂಟರ್ ಒಂದರ ಕಡೆ ಒಂದು ಕೈ ತೋರಿಸಿದ್ರ? ಪ್ಯಾಕೆಟ್ಟಿಗೆ, ಅಂದ್ರ ಸುದ್ದಿ ಹೊತ್ತ ಗಂಟಿಗೆ, ಟಿಟಿಎಲ್ ಅಂತ ಆಯುಷ್ಯ ಬರದಿರತೈತಿ. ರೂಟರ್ ದಾಟಿದಂಗ ಒಂದೊಂದು ಕಡಿಮಿ, ಸೊನ್ನಿ ಆದ್ರ ಕತಿ ಮುಗೀತು. ಒಂದ ಆಫೀಸಿನ ಮಶಿನ್ ಜೋಡಸೂ ಸ್ವಿಚ್ಚಿನ್ಯಾಗ ಆ ಆಯುಷ್ಯಾನ ಇಲ್ಲ. ವೈರ್ ಸುತ್ತ ಹಾಕಿದ್ರ ಬ್ರಾಡ್‌ಕಾಸ್ಟ್, ಅಂದ್ರ ಎಲ್ಲಾರಿಗೂ ಕಳಿಸಿದ ಸುದ್ದಿ, ತಿರುಗಿದ್ದ ತಿರುಗಿದ್ದು, ಆಫೀಸೆಲ್ಲಾ ಗಪ್. ಅದಕ್ಕ 1985ರಾಗ ರೇಡಿಯಾ ಪರ್ಲ್‌ಮನ್ ಅನ್ನೂ ಹೆಣ್ಮಗಳು ಸ್ಪ್ಯಾನಿಂಗ್ ಟ್ರೀ ಕಂಡುಹಿಡದಳು. ಹೆಚ್ಚಿನ ದಾರಿ ಅದು ಮುಚ್ಚಿ ಇಡತೈತಿ, ಇದ್ದದ್ದು ಕಡದಾಗ ತೆರೀತೈತಿ.

ಅದಕ್ಕ ನಿಮ್ಮ ಮಗಗ ಹೇಳ್ರಿ, ಡಂಪ್, ಅಂದ್ರ ಸೋರಿದ ಪ್ರಶ್ನಿ ಗಂಟು, ತಂದು ಉತ್ತರ ಬಾಯಿಪಾಠ ಮಾಡಬ್ಯಾಡಂತ. ಪ್ಯಾಕೆಟ್ ಟ್ರೇಸರ್ ಅನ್ನೂ ಸಿಸ್ಕೊದ ಸಾಫ್ಟ್‌ವೇರ್ ಪುಕಟ ಸಿಗತೈತಿ. ಅದರಾಗ ನೆಟ್‌ವರ್ಕ್ ಕಟ್ಟಲಿ, ಬೇಕಂತ ಕೆಡಸಲಿ, ತಾನ ರಿಪೇರಿ ಮಾಡಲಿ. ಇಂಟರ್‌ವ್ಯೂದಾಗ ಕೇಳೂದು ‘ಬಂದ್ ಬಿದ್ರ ಏನ ಮಾಡ್ತಿ’ ಅಂತನ.

ಕಾಕು ಎಲ್ಲಾ ಕೇಳಿ ಅಂದ್ರು: ‘ಅಲ್ಲೋ ತಮ್ಮಾ, ನನಗ ಗೊತ್ತಿಲ್ಲ, ಮುಂದ ಹೋಗಿ ಕೇಳ್ರಿ ಅನ್ನಾಕ ಇಪ್ಪತ್ತೈದು ಸಾವಿರ ಯಾಕ? ನಮ್ಮ ಓಣ್ಯಾಗ ಎಲ್ಲಾರೂ ಪಾಸಾಗೇ ಕುಂತಾರ!’