ಹಾರ್ವರ್ಡ್ ಕಟಾಫ್ ಎಷ್ಟು ಸಾರ್?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕರಲ್ಲಿ ಯಾವ ಊರಿನ ಮದುವೆಗೆ ಹೋದರೂ ಊಟದ ಸಾಲಿನಲ್ಲಿ ಈಗೀಗ ಒಬ್ಬ ಅಪ್ಪ ಪಕ್ಕಕ್ಕೆ ಬಂದು ಕೂರುತ್ತಾರೆ. ವಯಸ್ಸು ಐವತ್ತರ ಆಸುಪಾಸು. ರಾಮನಗರದವರಾದರೆ ನೂಲು ಬಿಚ್ಚಾಣಿಕೆಯ ಘಟಕ, ಚನ್ನಪಟ್ಟಣದವರಾದರೆ ಬೊಂಬೆ ವ್ಯಾಪಾರ, ಕನಕಪುರದವರಾದರೆ ಕಲ್ಲಿನ ವ್ಯವಹಾರ, ಮಾಗಡಿಯವರಾದರೆ ರಸ್ತೆಗೋ ಲೇಔಟಿಗೋ ಹೋದ ಜಮೀನಿನ ದುಡ್ಡು. ಮಗಳು ಪಿಯುಸಿ. ಅವಳನ್ನು ಅಮೆರಿಕಾಕ್ಕೆ ಕಳಿಸಬೇಕು. ಅದೂ ಹಾರ್ವರ್ಡ್, ಯೇಲ್, ಎಂಐಟಿ, ಅದಕ್ಕಿಂತ ಕೆಳಗೆ ಮಾತಿಲ್ಲ. ಎಲೆಗೆ ಸಾರು ಬೀಳುವಷ್ಟರಲ್ಲಿ ಪ್ರಶ್ನೆ ಬಂದೇ ಬರುತ್ತದೆ: “ಹಾರ್ವರ್ಡ್ ಕಟಾಫ್ ಎಷ್ಟು ಸಾರ್?” ಅಲ್ಲಿ ಕಟಾಫ್ ಅನ್ನುವುದೇ ಇಲ್ಲ ಎಂದರೆ ನಂಬುವುದಿಲ್ಲ. ನಕ್ಕು, “ಹೇಳಬಾರದು ಅಂತಿದ್ರೆ ಬಿಡಿ” ಅನ್ನುತ್ತಾರೆ. ಬೆಂಗಳೂರಿನ ಕನ್ಸಲ್ಟೆಂಟುಗಳು, ಇಂಗ್ಲಿಷ್ ಮೇಷ್ಟ್ರುಗಳು, ಅರ್ಜಿಯ ಪ್ರಬಂಧ ತಿದ್ದಿಕೊಡುವ ನನ್ನಂಥ ಪುಕ್ಕಟೆ ಉಪಕಾರಿಗಳು, ಎಲ್ಲರೂ ಈ ಪ್ರಶ್ನೆಗೆ ಒಳಗೊಳಗೇ ನಗುವವರೇ. ಕಟಾಫ್ ಅಪ್ಪನ ಕಾಟ ನನಗೆ ಗೊತ್ತಿಲ್ಲದ್ದಲ್ಲ. ಆದರೂ ಈ ಒಂದು ಪ್ರಶ್ನೆ ದಡ್ಡ ಪ್ರಶ್ನೆಯಲ್ಲ ಅನ್ನುವುದು ನನ್ನ ವಾದ.

ಕಾಟದ ಲೆಕ್ಕ ಮೊದಲು ಮುಗಿಸಿಬಿಡೋಣ. ಇವರ ಕಂಕುಳಲ್ಲಿ ದಪ್ಪ ಫೈಲು. ಒಳಗೆ ಪ್ರತಿಭಾ ಕಾರಂಜಿಯ ಛದ್ಮವೇಷದಿಂದ ಕರಾಟೆಯ ಹಳದಿ ಬೆಲ್ಟಿನವರೆಗೆ ಎಲ್ಲಕ್ಕೂ ಸರ್ಟಿಫಿಕೇಟು, ಎಲ್ಲಕ್ಕೂ ಲ್ಯಾಮಿನೇಷನ್. ಅಲ್ಲಿನ ಕಾಲೇಜುಗಳ ಕಾಮನ್ ಅಪ್ಲಿಕೇಷನ್ನಿನಲ್ಲಿ ಚಟುವಟಿಕೆಗಳಿಗೆ ಇರುವುದು ಹತ್ತೇ ಜಾಗ, ಒಂದೊಂದರ ವಿವರಕ್ಕೆ 150 ಅಕ್ಷರ ಎಂದರೆ ನಡುವೆ ಯಾರೋ ತಿನ್ನುತ್ತಿದ್ದಾರೆ ಎಂಬ ಗುಮಾನಿ. ಶಿಫಾರಸು ಪತ್ರ ಬೇಕೆಂದು ಗೊತ್ತಾದ ದಿನವೇ ಶಾಸಕರ ಪಿಎಗೆ ಫೋನು ಹೋಗಿರುತ್ತದೆ. ಬೇಕಾದದ್ದು ಪಾಠ ಹೇಳಿದವರ ಪತ್ರ ಎಂದು ಬಿಡಿಸಿ ಹೇಳಿದರೆ ಉಪನ್ಯಾಸಕರಿಂದ ಒಂದು ಬರುತ್ತದೆ. ಸದರಿ ವಿದ್ಯಾರ್ಥಿನಿಯು ನಮ್ಮ ಕಾಲೇಜಿನಲ್ಲಿ ವ್ಯಾಸಂಗ ಮಾಡುತ್ತಿದ್ದು ಆಕೆಯ ನಡತೆ ತೃಪ್ತಿಕರವಾಗಿರುತ್ತದೆ ಅನ್ನುವುದರ ಇಂಗ್ಲಿಷ್, ಕೆಳಗೆ ದುಂಡು ಮೊಹರು. ತುಂಬಿದ ಸೆಕ್ಷನ್ನಿಗೆ ಪಾಠ ಮಾಡಿ ಮೌಲ್ಯಮಾಪನಕ್ಕೆ ಓಡುವ ಆ ಉಪನ್ಯಾಸಕರಿಂದ ಇನ್ನೇನು ಬಂದೀತು? ಇಷ್ಟು ಸಾಲದೆಂದು ಜಿಲ್ಲೆಯ ಹೆಸರಿನ ಗೋಳು ಬೇರೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾದ ರಾಮನಗರ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣ ಆಯಿತು. ಅಂಕಪಟ್ಟಿಯಲ್ಲಿ ಒಂದು, ವಿಳಾಸದಲ್ಲಿ ಇನ್ನೊಂದು ಇದ್ದರೆ ಹಾರ್ವರ್ಡಿನವರು ಬಿಟ್ಟಾರೆಯೇ? ಛಾಪಾ ಕಾಗದ, ನೋಟರಿ, ಅಫಿಡವಿಟ್ಟು.

ಎಲ್ಲಕ್ಕಿಂತ ದೊಡ್ಡ ರಂಪ ಪ್ರಬಂಧದ್ದು. 650 ಪದ ಮೀರದಂತೆ ಹುಡುಗಿ ತನ್ನ ಕಥೆ ಬರೆಯಬೇಕು. ರಾಮನಗರದವಳು ಎಂದ ಕೂಡಲೇ ಕನ್ಸಲ್ಟೆಂಟ್ ಕಣ್ಣರಳಿಸಿ ರೇಷ್ಮೆ ಅನ್ನುತ್ತಾನೆ. ಹುಡುಗಿಯೂ ಬರೆಯುತ್ತಾಳೆ: ನಾನೊಂದು ಹುಳು, ನನ್ನ ಊರೇ ಗೂಡು, ಗೂಡನ್ನು ಒಡೆದು ಚಿಟ್ಟೆಯಾಗಿ ಸಾಗರದಾಚೆಗೆ ಹಾರುತ್ತೇನೆ. ಅಪ್ಪ ಓದಿಸಿಕೊಂಡು ಕೇಳಿ ಸಿಡಿದೇಳುತ್ತಾರೆ. “ಗೂಡು ಒಡ್ಕೊಂಡು ಆಚೆ ಬಂದ್ರೆ ನೂಲು ತುಂಡಾಗಲ್ವೇನಮ್ಮ? ತೂತಾದ ಗೂಡನ್ನ ಮಾರ್ಕೆಟ್ಟಲ್ಲಿ ಯಾವನು ಕೂಗ್ತಾನೆ? ರೇಷ್ಮೆ ಚಿಟ್ಟೆ ಎಲ್ಲಾದ್ರೂ ಹಾರೋದುಂಟಾ?” ಮೂರೂ ಸರಿ. ಸಾವಿರಾರು ವರ್ಷ ಮನುಷ್ಯನ ಸಾಕಣೆಯಲ್ಲಿದ್ದು ಆ ಚಿಟ್ಟೆಗೆ ಹಾರುವ ಶಕ್ತಿಯೇ ಉಳಿದಿಲ್ಲ. ಬಿಚ್ಚಾಣಿಕೆಗೆ ಬಂದ ಗೂಡಿನೊಳಗಿನ ಹುಳ ಚಿಟ್ಟೆಯಾಗುವ ಮೊದಲೇ ಬಿಸಿಗೆ ಸಾಯುತ್ತದೆ. “ಅಲ್ಲಿನವರಿಗೆ ಅದೆಲ್ಲ ಗೊತ್ತಾಗಲ್ಲ ಸರ್” ಎಂದು ಕನ್ಸಲ್ಟೆಂಟ್ ಸಮಾಧಾನ ಹೇಳಿದರೆ ಅಪ್ಪ ತಾವೇ ಒಂದು ಪ್ಯಾರಾ ಬರೆಸುತ್ತಾರೆ. ಮಿಶ್ರತಳಿಗೂ ಬೈವೋಲ್ಟೈನಿಗೂ ಏನು ಫರಕು, ರೆಂಡಿಟ್ಟ ಅಂದರೆ ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು ಬೇಕು, ಗೂಡು ಕೈಯಲ್ಲಿ ಅಲುಗಿಸಿದಾಗ ಎಂಥ ಸದ್ದು ಬಂದರೆ ಹರಾಜಿನಲ್ಲಿ ಎಷ್ಟರವರೆಗೆ ಕೂಗಬಹುದು, ಬಿಸಿನೀರಿನ ಬಾಂಡ್ಲಿಯಲ್ಲಿ ಎಳೆಯ ತುದಿ ಹುಡುಕುವ ಹೆಂಗಸರ ಬೆರಳು ಸಂಜೆಗೆ ಹೇಗಾಗಿರುತ್ತದೆ. ಆ ಪ್ಯಾರಾ ನನಗೆ ಬಾಯಿಪಾಠ; ಯಾಕೆ ಎಂದು ಕೇಳಬೇಡಿ. ಇಡೀ ಅರ್ಜಿಯಲ್ಲಿ ಕಣ್ಣಾರೆ ಕಂಡದ್ದು ಅದೊಂದೇ, ಕನ್ಸಲ್ಟೆಂಟ್ ಮೊದಲು ಹೊಡೆದುಹಾಕುವುದೂ ಅದನ್ನೇ. ಹುಡುಗಿಯದು ತಪ್ಪಲ್ಲ. ಈ ವಾಸನೆಯೇ ಬೇಡವೆಂದು ಅಪ್ಪ ಅವಳನ್ನು ಒಂದು ದಿನವೂ ಬಾಂಡ್ಲಿ ಹತ್ತಿರ ಬಿಟ್ಟವರಲ್ಲ. ಯಾವುದನ್ನು ಅವಳಿಂದ ದೂರ ಇಡಲು ಹದಿನೇಳು ವರ್ಷ ದುಡಿದರೋ ಅದನ್ನೇ ಬರೆದು ತೋರಿಸು ಎಂದು ಅಮೆರಿಕಾ ಕೇಳುತ್ತದೆ.

ಇನ್ನು ಕಟಾಫಿನ ಮಾತು. ಇವರು ಪಿಯುಸಿ ಓದುವ ಹೊತ್ತಿಗೆ ಕರ್ನಾಟಕದ ಖಾಸಗಿ ಕಾಲೇಜುಗಳ ಡೊನೇಷನ್ ದೇಶಕ್ಕೆಲ್ಲ ಹೆಸರುವಾಸಿ. ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ಕ್ಯಾಪಿಟೇಷನ್ ಶುಲ್ಕ ಕಾನೂನುಬಾಹಿರ ಎಂದದ್ದು ನಮ್ಮ ರಾಜ್ಯದ ಮೇಲೆಯೇ. 1993ರಲ್ಲಿ ಉನ್ನಿಕೃಷ್ಣನ್ ತೀರ್ಪು, 1994ರಲ್ಲಿ ಸಿಇಟಿ. ಆಮೇಲೆ ಸಾತನೂರಿನ ಹುಡುಗನೂ ಸದಾಶಿವನಗರದ ಹುಡುಗನೂ ಒಂದೇ ಪಟ್ಟಿಯಲ್ಲಿ. ಯಾರ ಪರಿಚಯವೂ ಇಲ್ಲದ ಮನೆಯ ಮಗು ಬೆಂಗಳೂರಿಗೆ ಹೋಗಿ, ಬೋರ್ಡಿನ ಮೇಲೆ ಸೀಟು ಖಾಲಿ ಇದೆಯೋ ಇಲ್ಲವೋ ನೋಡಿ, ಅದು ನನಗೆ ಎಂದು ಹೇಳಬಹುದಾಗಿತ್ತು. ಅಂಕಗಳಿಗೆ ಕಷ್ಟ ಕಾಣುವುದಿಲ್ಲ ಅನ್ನುವವರುಂಟು. ಅದು ನಿಜ. ಅದಕ್ಕೆಂದೇ ನಮ್ಮಲ್ಲಿ ಜಾತಿವಾರು ಮೀಸಲಾತಿಯ ಜೊತೆಗೆ ಗ್ರಾಮೀಣರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಇಟ್ಟರು. ಅದರಲ್ಲೂ ಸುಳ್ಳು ಸರ್ಟಿಫಿಕೇಟಿನ ಕಥೆಗಳಿವೆ, ಕೋಚಿಂಗ್‌ಗೆ ಲಕ್ಷ ಸುರಿಯುವವರಿದ್ದಾರೆ. ಆದರೂ ಯಾವ ವರ್ಗಕ್ಕೆ ಎಷ್ಟನೇ ರ‍್ಯಾಂಕಿಗೆ ಬಾಗಿಲು ಮುಚ್ಚಿತು ಅನ್ನುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಟಾಫ್ ಅಪ್ಪ ಕೇಳುವುದು ಆ ಬಾಗಿಲಿನ ಗುರುತನ್ನು.

ಅಮೆರಿಕಾದಲ್ಲಿ ಇಡೀ ವ್ಯಕ್ತಿಯನ್ನು ನೋಡುತ್ತಾರೆ, ಬರೀ ಅಂಕವನ್ನಲ್ಲ ಅನ್ನುವುದು ನಮ್ಮ ಸಿದ್ಧ ಉತ್ತರ. ಕೇಳಲು ಚೆನ್ನಾಗಿದೆ. ಆದರೆ ಆ ಪದ್ಧತಿ ಹುಟ್ಟಿದ ಕಥೆ ಅಷ್ಟು ಚೆನ್ನಾಗಿಲ್ಲ. 1920ರ ದಶಕದಲ್ಲಿ ಅಂಕದ ಬಲದಿಂದ ಬರುವ ಯೆಹೂದಿ ಹುಡುಗರು ಜಾಸ್ತಿಯಾದರೆಂದು ಹಾರ್ವರ್ಡಿನ ಅಧ್ಯಕ್ಷ ಲೋವೆಲ್ ಕಾಲದಲ್ಲಿ ಗುಣ, ನಡತೆ, ವ್ಯಕ್ತಿತ್ವಗಳನ್ನು ತೂಗಲು ಶುರುಮಾಡಿದರು. 2018ರಲ್ಲಿ ಕೋರ್ಟಿನ ಮುಂದೆ ಬಂದ ಲೆಕ್ಕದಲ್ಲಿ ಅಲ್ಲಿ ಓದಿದವರ ಮಕ್ಕಳ ಪೈಕಿ ಸುಮಾರು ಮೂವರಲ್ಲಿ ಒಬ್ಬರಿಗೆ ಸೀಟು ಸಿಕ್ಕಿತ್ತು. ಉಳಿದವರಲ್ಲಿ ನೂರಕ್ಕೆ ಆರು ಮಂದಿಗೆ. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಜನಾಂಗವನ್ನು ಗಣಿಸಬೇಡಿ ಎಂದಿತೇ ಹೊರತು ಹಳೆ ವಿದ್ಯಾರ್ಥಿಗಳ ಮಕ್ಕಳ ತಂಟೆಗೆ ಹೋಗಲಿಲ್ಲ. ಶಾಸಕರ ಪತ್ರ ಹಿಡಿದು ಓಡಾಡುವ ನಮ್ಮ ಅಪ್ಪನಿಗೆ ವ್ಯವಹಾರದ ಅಂದಾಜು ಸರಿಯಾಗೇ ಇದೆ, ಪರಿಚಯ ಮಾತ್ರ ತಪ್ಪು ಊರಿನದು. 54,008 ಅರ್ಜಿ ಬಂದು 1,937 ಜನರನ್ನು ಕರೆದ ವರ್ಷ ಉಂಟು ಹಾರ್ವರ್ಡಿನಲ್ಲಿ, 2024ರಲ್ಲಿ. ಇಂಥ ಕಡೆ ಅಂಕದ ಗೆರೆ ಎಳೆದರೆ ಗೆರೆಯ ಮೇಲೇ ಸಾವಿರಾರು ಜನ ನಿಲ್ಲುತ್ತಾರೆ ಎಂದು ಕೆಲವರು ಹೇಳುತ್ತಾರೆ. ನಿಲ್ಲಲಿ, ಹಾಗಿದ್ದರೆ ಚೀಟಿ ಎತ್ತಿ ಎಂದು ಬಾಯಿಬಿಟ್ಟು ಹೇಳಲಿ. ಎಂಐಟಿ 2022ರಲ್ಲಿ, ಡಾರ್ಟ್‌ಮತ್ 2024ರಲ್ಲಿ ಸ್ಯಾಟ್ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿದವು. ಅನುಕೂಲವಿಲ್ಲದ ಮನೆಯ ಜಾಣ ಮಕ್ಕಳನ್ನು ಗುರುತಿಸಲು ಅಂಕ ಬೇಕೇ ಬೇಕು ಅನ್ನುವುದು ಅವರೇ ಕೊಟ್ಟ ಕಾರಣ. ಮದುವೆ ಊಟದ ಪ್ರಶ್ನೆಗೆ ಅರ್ಧ ಉತ್ತರ ಬಂದಂತಾಯಿತು.

ನ್ಯಾಯವಾಗಿ ಹೇಳಬೇಕೆಂದರೆ ಆ ಕಡೆಗೂ ಒಂದು ಮಾತು ಸಲ್ಲಬೇಕು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್‌ಗಳು ಪರದೇಶದ ಮಕ್ಕಳ ವಿಷಯದಲ್ಲೂ ದುಡ್ಡು ನೋಡಿ ಸೀಟು ಕೊಡುವುದಿಲ್ಲ. ಆಯ್ಕೆಯಾದ ಮೇಲೆ ಮನೆಯ ಶಕ್ತಿಗೆ ಮೀರಿದ್ದನ್ನು ತಾವೇ ಭರಿಸುತ್ತವೆ. ನಮ್ಮ ಎಷ್ಟು ಕಾಲೇಜು ಈ ಮಾತು ಹೇಳೀತು? ಕಟಾಫ್ ಅಪ್ಪನಿಗೆ ಮಾತ್ರ ಇದರಲ್ಲೂ ಪೇಚು. ಬ್ಯಾಂಕಿನ ಸಾಲಕ್ಕೆ ಒಂದು ಆದಾಯ, ನಾಡಕಚೇರಿಯ ಪ್ರಮಾಣಪತ್ರಕ್ಕೆ ಇನ್ನೊಂದು; ಅಮೆರಿಕಾದ ಫಾರಂಗೆ ಯಾವುದು?

ಮಾರ್ಚ್ ಕೊನೆಯಲ್ಲಿ ಅಲ್ಲಿ ಸಂಜೆ ಏಳಕ್ಕೆ ಫಲಿತಾಂಶ ಬಿಟ್ಟರೆ ಇಲ್ಲಿ ಬೆಳಗಿನ ಜಾವ ನಾಲ್ಕೂವರೆ. ಬರುವುದು ವಿನಯದ ಒಂದು ಪತ್ರ; ಅಂಕವಿಲ್ಲ, ರ‍್ಯಾಂಕಿಲ್ಲ, ಕಾರಣವಿಲ್ಲ. ಮಗಳು ಮುಸುಕೆಳೆದು ಮಲಗುತ್ತಾಳೆ, ಅಪ್ಪ ಮರುಮೌಲ್ಯಮಾಪನಕ್ಕೆ ಎಷ್ಟು ಕಟ್ಟಬೇಕು ಎಂದು ವಿಚಾರಿಸುತ್ತಾರೆ. ನಗಬೇಡಿ. ದ್ವಿತೀಯ ಪಿಯುಸಿಯ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ದುಡ್ಡು ಕಟ್ಟಿದವರಿಗೆಲ್ಲ ಸಿಗುತ್ತದೆ. ತನ್ನ ಉತ್ತರ ಪತ್ರಿಕೆ ನೋಡುವುದು ಪರೀಕ್ಷೆ ಬರೆದವನ ಹಕ್ಕು ಎಂದು ನಮ್ಮ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಅಮೆರಿಕಾದಲ್ಲೂ ಒಂದು ಕಾನೂನಿದೆ. 2015ರಲ್ಲಿ ಸ್ಟ್ಯಾನ್‌ಫರ್ಡಿನ ವಿದ್ಯಾರ್ಥಿಗಳು ಅದನ್ನು ಹಿಡಿದು ತಮ್ಮ ಪ್ರವೇಶದ ಕಡತಗಳನ್ನು ತರಿಸಿಕೊಂಡು ಓದಿದರು. ಆದರೆ ಆ ಹಕ್ಕು ಸೀಟು ಸಿಕ್ಕಿ ಸೇರಿದವರಿಗೆ ಮಾತ್ರ, ಹೊರಗುಳಿದವರಿಗೆ ಇಲ್ಲ. ಇಷ್ಟನ್ನೂ ತಾಳ್ಮೆಯಿಂದ ಕೇಳಿ ಕಟಾಫ್ ಅಪ್ಪ ಜೇಬಿನಿಂದ ಪೆನ್ನು ತೆಗೆಯುತ್ತಾರೆ.

“ಅವ್ರಿಗೆ ಒಂದು ಆರ್‌ಟಿಐ ಹಾಕಕ್ಕಾಗಲ್ವಾ ಸಾರ್?”