ಅಳಿಯಂದಿರ ಇಟ್ಟಿಗೆಗೂಡು

ಅಳಿಯನಾದವನಿಗೆ ಏನಾದರೊಂದು ಚಟ ಇರಬೇಕು, ಅದು ಮಾವನಿಗೆ ತಲೆಬುಡ ಅರ್ಥವಾಗದಂಥದ್ದಾಗಿರಬೇಕು. ಆಗ ಸಂಬಂಧ ಬಾಳಿಕೆ ಬರುತ್ತದೆ. ಇಸ್ಪೀಟು, ಷೇರುಪೇಟೆ, ರಾಜಕೀಯ ಎಲ್ಲ ಮಾವನಿಗೂ ಗೊತ್ತಿರುವ ವಿಷಯಗಳು. ಎರಡನೇ ಕಾಫಿ ಬರುವ ಮುಂಚೆಯೇ ಜಗಳ ಹತ್ತುತ್ತದೆ. ಸಿಯಾಟಲ್ ಹತ್ತಿರ ಮನೆ ಮಾಡಿಕೊಂಡಿರುವ ನನ್ನ ಅಳಿಯಂದಿರ ಚಟ ಲೆಗೋ ಇಟ್ಟಿಗೆ. ವಯಸ್ಸು ನಲವತ್ತರ ಹತ್ತಿರ, ಆಫೀಸಿನಲ್ಲಿ ಒಳ್ಳೆಯ ಹುದ್ದೆ, ಹಣೆ ದಿನೇ ದಿನೇ ನೆತ್ತಿಯ ಕಡೆ ಒತ್ತುವರಿ ಮಾಡುತ್ತಿದೆ. ಇಂಥವರು ಶನಿವಾರ ಬೆಳಿಗ್ಗೆ ನೆಲದ ಮೇಲೆ ಬೋರಲು ಮಲಗಿ ಸೋಫಾದ ಅಡಿಗೆ ಟಾರ್ಚು ಬಿಟ್ಟು ಹುಡುಕುತ್ತಿರುತ್ತಾರೆ. "ಏನು ಹುಡುಕ್ತಾ ಇದೀರಿ?" ಎಂದು ಕೇಳಿದರೆ, ಮರ್ಯಾದಸ್ಥರು, ಎದ್ದು ಕೂತು ಅಂಗಿ ಸರಿಮಾಡಿಕೊಂಡು, "ಏನಿಲ್ಲ ಮಾವ, ಗ್ಯಾಂಡಾಲ್ಫನ ಗಡ್ಡ" ಎನ್ನುತ್ತಾರೆ. ಅಳಿಯನನ್ನು ಬಹುವಚನದಲ್ಲೇ ಮಾತಾಡಿಸಬೇಕೆಂದು ಕಟ್ಟುಮಾಡಿದ ಹಿರಿಯರು ಇಂಥ ಸಂದರ್ಭವನ್ನು ಊಹಿಸಿರಲಾರರು.

ಇದು ಮಕ್ಕಳಾಟವಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ, ಮಗಳನ್ನು. "ಅಪ್ಪ, ಮೆಲ್ಲಗೆ ಮಾತಾಡಿ" ಎಂದಳು. ಡಬ್ಬಿಯ ಜೊತೆ ಬರುವ ಪುಸ್ತಕ ನೋಡಿಕೊಂಡು, ಹೇಳಿದ ತುಂಡನ್ನು ಹೇಳಿದ ಜಾಗಕ್ಕೆ ಒತ್ತುವುದಿದೆಯಲ್ಲ, ಅದು ಇವರ ಪಂಥದಲ್ಲಿ ಎಲ್‌ಕೆಜಿ. ಪುಸ್ತಕ ಆಚೆ ಇಟ್ಟು ತಮ್ಮ ತಲೆಯಿಂದಲೇ ಕಟ್ಟಿದ್ದಕ್ಕೆ 'ಮಾಕ್' ಅನ್ನುತ್ತಾರೆ. ಇಟ್ಟಿಗೆಯ ಹುಚ್ಚು ಬಿಡದ ದೊಡ್ಡವರಿಗೆಲ್ಲ 'ಎಫಾಲ್' ಎಂಬ ಬಿರುದು. ಹರೆಯದಲ್ಲಿ ಪರೀಕ್ಷೆ, ಪ್ರೇಮ, ಕೆಲಸ ಎಂದು ಇಟ್ಟಿಗೆಯನ್ನು ಮರೆತ ವರ್ಷಗಳಿಗೆ 'ಅಂಧಕಾರ ಯುಗ' ಎಂದು ಹೆಸರು. ನನ್ನ ಮಗಳ ಮದುವೆ ಆ ಯುಗದಲ್ಲಿ ನಡೆಯಿತೆಂದು ಕಾಣುತ್ತದೆ. ಹುಡುಗನ ಬಗ್ಗೆ ವಿಚಾರಿಸಿದಾಗ ಯಾರೂ ಇಟ್ಟಿಗೆಯ ಸುದ್ದಿ ಎತ್ತಿರಲಿಲ್ಲ.

ಕಟ್ಟಿದ್ದನ್ನು ಸುಮ್ಮನೆ ಗೂಡಿನಲ್ಲಿಡುವುದೂ ಇಲ್ಲ. ಸ್ಪರ್ಧೆಗೆ ಕಳಿಸುತ್ತಾರೆ. ಕೋಟೆ ಕೊತ್ತಲಗಳಿಗೆಂದೇ ಕಲಾಸಲ್ ಕ್ಯಾಸಲ್ ಕಾಂಟೆಸ್ಟ್ ಎಂಬುದು ಬಹಳ ವರ್ಷಗಳಿಂದ ನಡೆಯುತ್ತದೆ. ಇಂಗ್ಲಿಷ್ ಲೇಖಕ ಟೋಲ್ಕಿನ್ನನ ಕಥಾಲೋಕಕ್ಕೆ ಮೀಸಲಾದ ಮಿಡಲ್ ಅರ್ತ್ ಲೆಗೋ ಒಲಿಂಪಿಕ್ಸ್ ಕೂಡ ಉಂಟು. ಓಡುವುದು, ಹಾರುವುದು ಏನೂ ಇಲ್ಲದ ಒಲಿಂಪಿಕ್ಸ್. ಬೆನ್ನುನೋವಿನವರೂ ಪದಕ ಗೆಲ್ಲಬಹುದು. ಹೆಚ್ಚಿನ ಸ್ಪರ್ಧೆಗಳಲ್ಲಿ ತೀರ್ಪುಗಾರರು ನೋಡುವುದು ಫೋಟೊ ಮಾತ್ರ. ಹಾಗಾಗಿ ಊಟದ ಮೇಜಿನ ಮೇಲೆ ಬಿಳಿ ಚಾದರ ಹಾಸಿ, ಎರಡು ಕಡೆ ದೀಪ ಹಿಡಿದು ಫೋಟೊ ತೆಗೆಯುವ ದಿನ ನಮಗೆಲ್ಲ ಅಡುಗೆಮನೆಯಲ್ಲಿ ನಿಂತೇ ಊಟ.

ಇವರ ಆಚಾರ ನೋಡಿದರೆ ನಮ್ಮ ಅಜ್ಜಿಯ ಮಡಿ ಏನೂ ಅಲ್ಲ. ತುಂಡನ್ನು ಕತ್ತರಿಸಬಾರದು. ಬಣ್ಣ ಬಳಿಯಬಾರದು. ಗೋಂದು ತಾಕಿದರೆ ಮೈಲಿಗೆ. ಬೇರೆ ಕಂಪನಿಯ ಇಟ್ಟಿಗೆ ಪೆಟ್ಟಿಗೆಯೊಳಗೆ ಬಿದ್ದರೆ ಪೆಟ್ಟಿಗೆಯೆಲ್ಲ ಮೈಲಿಗೆ. ಇಟ್ಟಿಗೆಗೆ ನೋವಾಗುವಂತೆ ವಾರೆಯಾಗಿ ಸಿಕ್ಕಿಸಿದರೆ ಅದಕ್ಕೆ 'ಕಾನೂನುಬಾಹಿರ ಜೋಡಣೆ' ಎನ್ನುತ್ತಾರೆ. ಬಿಡಿಸುವಾಗ ಹಲ್ಲಿನಿಂದ ಕಚ್ಚಿ ಎಳೆಯುವುದು ಮಾತ್ರ ನಡೆಯುತ್ತದಂತೆ. ಎಂಜಲಿಗೆ ದೋಷವಿಲ್ಲದ ಮಡಿಯನ್ನು ನಾನು ನೋಡಿದ್ದು ಇಲ್ಲೇ.

ಈ ಇಟ್ಟಿಗೆಯ ಮೂಲ ಡೆನ್ಮಾರ್ಕಿನ ಬಿಲುಂಡ್. ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ ಎಂಬ ಬಡಗಿ 1932ರಲ್ಲಿ ಮರದ ಆಟಿಕೆಯ ಕಸುಬು ಹಿಡಿದ. ಒಂದಕ್ಕೊಂದು ಗಟ್ಟಿಯಾಗಿ ಕಚ್ಚಿಕೊಳ್ಳುವ ಈಗಿನ ಪ್ಲಾಸ್ಟಿಕ್ ಇಟ್ಟಿಗೆಗೆ ಅವನ ಮಗ ಪೇಟೆಂಟ್ ಕೇಳಿದ್ದು 1958ರ ಜನವರಿ 28ರಂದು. ನಾನು ಹುಟ್ಟಿದ್ದೂ ಅದೇ ವರ್ಷ. ಆ ವರ್ಷದ ಇಟ್ಟಿಗೆ ಇವತ್ತು ತಂದ ಇಟ್ಟಿಗೆಗೆ ಟಕ್ಕೆಂದು ಕೂರುತ್ತದೆ ಎಂದು ಅಳಿಯಂದಿರು ಅಭಿಮಾನದಿಂದ ಹೇಳಿದರು. ಅದೇ ವರ್ಷದ ನನ್ನ ಮೊಣಕಾಲಿನ ಕೀಲುಗಳ ವಿಚಾರದಲ್ಲಿ ಅಂಥ ಭರವಸೆ ಕೊಡಲಾಗದು. ತಲೆಯ ಮೇಲೆ ಎಂಟು ಬೊಟ್ಟು ಇರುವ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದೆಂದು ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದ ಗಣಿತಜ್ಞ ಸೋರೆನ್ ಐಲರ್ಸ್ ಲೆಕ್ಕ ಹಾಕಿದ್ದಾರೆ: 91,51,03,765. ಇಷ್ಟು ಬಗೆ ಸಾಧ್ಯವಿರುವಾಗ ಅಳಿಯಂದಿರು ತೀರ್ಮಾನಕ್ಕೆ ಬರಲು ತಡ ಮಾಡುವುದನ್ನು ತಪ್ಪೆನ್ನಲಾರೆ.

ಈ ಲೋಕದ ಪುರಾಣಗಳನ್ನೂ ಕೇಳಿದೆ. 2012ರಲ್ಲಿ ಸಿಯಾಟಲ್‌ನ ಬ್ರಿಕ್‌ಕಾನ್ ಮೇಳಕ್ಕೆ ಒಬ್ಬ ತಾಯಿ ಹ್ಯಾರಿ ಪಾಟರನ ಹಾಗ್ವಾರ್ಟ್ಸ್ ಶಾಲೆಯನ್ನು ಸುಮಾರು 4 ಲಕ್ಷ ಇಟ್ಟಿಗೆಗಳಲ್ಲಿ ಕಟ್ಟಿ ತಂದಳು. ಮರುವರ್ಷ ಆಕೆಯೂ ಇನ್ನೊಬ್ಬ ಕಟ್ಟಾಳೂ ಸೇರಿ ಟೋಲ್ಕಿನ್ನನ ಎಲ್ಫ್‌ಗಳ ಊರಾದ ರಿವೆಂಡೆಲನ್ನು ಸುಮಾರು 2 ಲಕ್ಷ ಇಟ್ಟಿಗೆಗಳಲ್ಲಿ ಎಬ್ಬಿಸಿದರು. ಕಂಪನಿಯವರು ತಮ್ಮ ದೊಡ್ಡ ರಿವೆಂಡೆಲ್ ಡಬ್ಬಿಯನ್ನು ಮಾರುಕಟ್ಟೆಗೆ ತಂದದ್ದು 2023ರಲ್ಲಿ, ಅದೂ 6,167 ತುಂಡುಗಳಲ್ಲಿ. ಭಕ್ತರು ಮುಂದೆ, ದೇವರು ಹತ್ತು ವರ್ಷ ಹಿಂದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ಐವತ್ತು ತುಂಬುವ ನೆಪದಲ್ಲಿ 2022ರಲ್ಲಿ ಕಂಪನಿಯೇ ಅಭಿಮಾನಿಗಳಿಗೆ ಸ್ಪರ್ಧೆ ಇಟ್ಟಿತು. ಗೆದ್ದವನ ಕಲ್ಪನೆ 2024ರಲ್ಲಿ 3,745 ತುಂಡುಗಳ ಡಬ್ಬಿಯಾಗಿ ಅಂಗಡಿಗೆ ಬಂತು. ಇದನ್ನು ಅಳಿಯಂದಿರು ನನಗೆ ಹೇಳಿದ್ದಕ್ಕಿಂತ ಹೆಚ್ಚಾಗಿ ನನ್ನ ಮಗಳಿಗೆ ಕೇಳಿಸುವಂತೆ ಹೇಳಿದರು.

ಚಳಿಗಾಲದಲ್ಲಿ ಸಿಯಾಟಲ್‌ನ ಮಳೆ ನಮ್ಮ ಆಗುಂಬೆಯ ಮಳೆಯ ಹಾಗೆ ಗುಡುಗಿ ಸುರಿದು ಹೋಗುವುದಿಲ್ಲ. ಜಿಟಿಜಿಟಿ ಎಂದು ದಿನವಿಡೀ ಗೊಣಗುತ್ತದೆ. ಅವರ ಮನೆಗೆ ಹೋಗಿದ್ದ ನಾನು ವಾಕಿಂಗ್ ನಿಂತುಹೋಗಿ ಬೇಸತ್ತಾಗ ಮಗಳು ಟೋಲ್ಕಿನ್ನನ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ತಂದು ಕೈಗಿತ್ತಳು. 1954 ಮತ್ತು 55ರಲ್ಲಿ ಮೂರು ಸಂಪುಟಗಳಾಗಿ ಬಂದ ಕಥೆ. ಕನ್ನಡ ಮೇಷ್ಟ್ರಾಗಿ ನಿವೃತ್ತನಾದ ನಾನು ವರ್ಣನೆ ಬಂದಲ್ಲಿ ಹಾಳೆ ಹಾರಿಸುವುದರಲ್ಲಿ ನುರಿತವನು; ಅಷ್ಟಾದಶ ವರ್ಣನೆಗಳ ಕೃಪೆ. ಆದರೆ ಪಕ್ಕದಲ್ಲಿ ಕೂತು ಅದೇ ಪುಸ್ತಕವನ್ನು ಓದುತ್ತಿದ್ದ ಅಳಿಯಂದಿರು ಒಂದು ಹಾಳೆಯನ್ನೂ ಹಾರಿಸುವಂತಿರಲಿಲ್ಲ. ಬಾಗಿಲು ಪೂರ್ವಕ್ಕೋ ಪಶ್ಚಿಮಕ್ಕೋ, ಮೆಟ್ಟಿಲು ಹತ್ತಿದರೆ ಎಡಕ್ಕೆ ತಿರುಗಬೇಕೋ ಬಲಕ್ಕೋ, ಕವಿ ಹೇಳದಿದ್ದರೂ ಕಟ್ಟುವವನು ಹೇಳಲೇಬೇಕು. ನಾನು ಕಂಡ ವ್ಯಾಖ್ಯಾನಕಾರರೆಲ್ಲ ಕಷ್ಟದ ಪದ್ಯ ಬಂದಾಗ 'ಸುಲಭವಾಗಿದೆ' ಎಂದು ಬರೆದು ಮುಂದೆ ಹೋದವರು. ಇಟ್ಟಿಗೆಯಲ್ಲಿ ಹಾಗೆ ಜಾರಿಕೊಂಡರೆ ಗೋಡೆಯೇ ಬಿದ್ದುಹೋಗುತ್ತದೆ.

ಆ ಕಥೆಯಿಂದ ಅಳಿಯಂದಿರು ಕಟ್ಟಲು ಹೊರಟ ಮೊದಲ ಯೋಜನೆ ಗೊಂಡೋರ್ ರಾಜ್ಯದ ರಾಜಧಾನಿ ಮಿನಾಸ್ ತಿರಿತ್. ಏಳು ಸುತ್ತಿನ ಕೋಟೆ. ನಾನು ಚಿತ್ರದುರ್ಗದವನು, ಏಳು ಸುತ್ತು ಎಂದ ಕೂಡಲೇ ಎದೆಯುಬ್ಬಿಸಿ ಸಲಹೆ ಕೊಡಲು ಕೂತೆ. ತೊಡಕು ಬಂದದ್ದು ಎತ್ತರದಲ್ಲಿ. ಆ ಕೋಟೆಯ ಗೋಪುರದ ಬಾವುಟ ಬಯಲಿನಿಂದ 1,000 ಅಡಿ ಮೇಲೆ ಹಾರುತ್ತದೆಂದು ಟೋಲ್ಕಿನ್ ಬರೆದುಬಿಟ್ಟಿದ್ದಾನೆ. ಲೆಗೋ ಮನುಷ್ಯನ ಎತ್ತರ 4 ಸೆಂಟಿಮೀಟರ್. ಆ ಲೆಕ್ಕದಲ್ಲಿ ಕಟ್ಟಿದರೆ ಬಾವುಟ ಸುಮಾರು 24 ಅಡಿಗೆ ಹೋಗುತ್ತದೆ. ಮನೆಯ ಸೂರು 9 ಅಡಿ, ಅದರ ಮೇಲೆ ಮಗಳ ಮಲಗುವ ಕೋಣೆ. ಅವಳನ್ನು ಕೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಇಂಥಲ್ಲಿ ಮನುಷ್ಯನನ್ನು ಒಂದು ಬೊಟ್ಟಿನಷ್ಟು ಕುಗ್ಗಿಸಿ ಊರನ್ನೆಲ್ಲ ಅಂಗೈಯಗಲ ಮಾಡುವ ವಿದ್ಯೆಯೂ ಇದೆ. ಆದರೆ ಅಳಿಯಂದಿರಿಗೆ ಮುಖ ಮೂಗು ಇರುವ ಜನ ಬೇಕು. ಕೋಟೆ ಕೈಬಿಟ್ಟರು.

ಕೊನೆಗೆ ಒಂದು ಸ್ಪರ್ಧೆಗೆಂದು ಆರಿಸಿಕೊಂಡದ್ದು ಅದೇ ಕಥೆಯ ಮೋರಿಯಾ ಗಣಿಯೊಳಗಿನ ಸೇತುವೆ. ಮುದುಕ ಮಾಂತ್ರಿಕ ಗ್ಯಾಂಡಾಲ್ಫ್ ಒಂದು ಕಡೆ, ಬೆಂಕಿ ನೆರಳುಗಳ ಭೂತವಾದ ಬಾಲ್ರಾಗ್ ಇನ್ನೊಂದು ಕಡೆ, ಕೆಳಗೆ ಪ್ರಪಾತ. ಸ್ಪರ್ಧೆಯ ನಿಯಮದಂತೆ ತಳ 32 ಬೊಟ್ಟು ಮೀರಬಾರದು, ಎಂದರೆ 25.6 ಸೆಂಟಿಮೀಟರ್. ಒಂದು ಗೇಣು ಜಾಗದಲ್ಲಿ ಪಾತಾಳ. ಸೇತುವೆ ಬೇಗ ಮುಗಿಯಿತು, ಕಂಬಗಳೂ ಎದ್ದವು. ಆಮೇಲೆ ಒಂದು ರಾತ್ರಿ ಅಳಿಯಂದಿರು ಪುಸ್ತಕ ಹಿಡಿದುಕೊಂಡು ನನ್ನ ಕೋಣೆಯ ಬಾಗಿಲು ತಟ್ಟಿದರು. "ಮಾವ, ಇದಕ್ಕೆ ರೆಕ್ಕೆ ಉಂಟೋ ಇಲ್ಲವೋ, ನೀವೇ ಹೇಳಬೇಕು."

ಇದು ಸಣ್ಣ ಪ್ರಶ್ನೆಯಲ್ಲ. ಟೋಲ್ಕಿನ್ನನ ಓದುಗರು ದಶಕಗಳಿಂದ ಇದಕ್ಕಾಗಿ ಹೊಡೆದಾಡಿಕೊಂಡಿದ್ದಾರೆ. ಭೂತದ ಸುತ್ತಲ ನೆರಳು ಎರಡು ಭಾರಿ ರೆಕ್ಕೆಗಳ ಹಾಗೆ ಹರಡಿತೆಂದು ಕವಿ ಮೊದಲು ಹೇಳುತ್ತಾನೆ. ಸ್ವಲ್ಪ ಮುಂದೆ, 'ಹಾಗೆ'ಯನ್ನು ಕೈಬಿಟ್ಟು, ರೆಕ್ಕೆಗಳೇ ಗೋಡೆಯಿಂದ ಗೋಡೆಗೆ ಚಾಚಿದವು ಎಂದುಬಿಡುತ್ತಾನೆ. ಓದಿದವನೇ ಎದ್ದು ಕೂತೆ. ಜೀವಮಾನವಿಡೀ ಕರಿಹಲಗೆಯ ಮೇಲೆ ಬರೆದದ್ದು ಸಿಯಾಟಲ್‌ನಲ್ಲಿ ಕೆಲಸಕ್ಕೆ ಬಂದಿತ್ತು! "ಮೊದಲನೆಯದು ಉಪಮೆ, ಎರಡನೆಯದು ರೂಪಕ. ನೆರಳು ಉಪಮೇಯ, ರೆಕ್ಕೆ ಉಪಮಾನ, 'ಹಾಗೆ' ಉಪಮಾವಾಚಕ. ವಾಚಕ ಬಿದ್ದುಹೋದ ಮಾತ್ರಕ್ಕೆ ನೆರಳಿಗೆ ಗರಿ ಹುಟ್ಟುವುದಿಲ್ಲ" ಎಂದು ತೀರ್ಪು ಕೊಟ್ಟೆ. ಅಳಿಯಂದಿರು ತಲೆ ಆಡಿಸಿದರು, ಒಪ್ಪಲಿಲ್ಲ. ಪೀಟರ್ ಜಾಕ್ಸನ್ನನ ಸಿನಿಮಾದಲ್ಲಿ ರೆಕ್ಕೆ ಇದೆ, ನೋಡಿದವರೆಲ್ಲ ರೆಕ್ಕೆಯನ್ನೇ ಹುಡುಕುತ್ತಾರೆ ಎಂಬುದು ಅವರ ಅಳುಕು. "ರೆಕ್ಕೆ ಇದ್ದಿದ್ದರೆ ಪ್ರಪಾತಕ್ಕೆ ಯಾಕೆ ಬೀಳುತ್ತಿತ್ತು? ಹಾರಬಹುದಿತ್ತಲ್ಲ?" ಎಂದು ನಾನು ಬ್ರಹ್ಮಾಸ್ತ್ರ ಬಿಟ್ಟೆ. ಪಕ್ಕದ ಮಂಚದಿಂದ, ನಿದ್ದೆ ಬಂದಿದೆ ಎಂದು ನಾವು ತಿಳಿದಿದ್ದ ನನ್ನ ಹೆಂಡತಿಯ ದನಿ ಬಂತು: "ಕೋಳಿಗೂ ರೆಕ್ಕೆ ಇದೆ. ದೀಪ ಆರಿಸಿ."

ಇಂಗ್ಲಿಷ್ ಓದುಗರು ನೂರಾರು ಪುಟ ಬರೆದು ಮುಟ್ಟಿದ ವಾದವನ್ನು ಅವಳು ಹೊದಿಕೆಯೊಳಗಿನಿಂದ ಮುಟ್ಟಿದ್ದಳು.

ಮರುದಿನ ಬಿಡಿಭಾಗಗಳ ಅನ್ವೇಷಣೆ. ಒಂದು ತುಂಡನ್ನು ಅದು ಯಾವುದಕ್ಕೆ ಹುಟ್ಟಿತೋ ಅದನ್ನು ಬಿಟ್ಟು ಇನ್ನೊಂದಕ್ಕೆ ಬಳಸುವುದೇ ಇವರಲ್ಲಿ ಪಾಂಡಿತ್ಯ. ಕ್ರೋಸಾಂ ಎಂಬ ಅರ್ಧಚಂದ್ರಾಕಾರದ ತಿನಿಸಿನ ತುಂಡು ಅರಮನೆಯ ಸೂರಂಚಿನ ಕೆತ್ತನೆಯಾಗುತ್ತದೆ. ಕಂಪನಿಯವರೇ 2021ರ ಬೊನ್ಸಾಯ್ ಮರದಲ್ಲಿ ಗುಲಾಬಿ ಬಣ್ಣದ ಕಪ್ಪೆಗಳನ್ನು ಹೂವಾಗಿ ಅರಳಿಸಿದ್ದಾರೆ. ಹತ್ತಿರ ಹೋದರೆ ಕಪ್ಪೆ, ದೂರ ನಿಂತರೆ ಹೂ. ಶ್ಲೇಷಾಲಂಕಾರ ಎಂದರೆ ಇದೇ ಎಂದು ನಾನು ಹೇಳಿದಾಗ ಅಳಿಯಂದಿರು ಕೃತಜ್ಞತೆಯಿಂದ ನನ್ನನ್ನು ನೋಡಿದರು. ಆಮೆಯ ಬೆನ್ನಿನ ಮೇಲೆ ನಾಲ್ಕು ಆನೆ, ಆನೆಗಳ ಮೇಲೆ ಭೂಮಿ ಇರುವ ಟೆರಿ ಪ್ರಾಟ್‌ಚೆಟ್‌ನ ಡಿಸ್ಕ್‌ವರ್ಲ್ಡನ್ನೂ ಅವರು ಮುಂದೆ ಕಟ್ಟುವವರಿದ್ದಾರೆ. "ದಿಗ್ಗಜಗಳು ಎಂಟಲ್ಲವೇ?" ಎಂದೆ. "ಆನೆ ದುಬಾರಿ ಮಾವ, ನಾಲ್ಕು ಸಾಕು" ಎಂದರು.

ಈ ನಡುವೆ ಅತ್ತೆಯಾದವಳು ಉಪಕಾರ ಮಾಡಲು ಹೋಗಿ ಇಟ್ಟಿಗೆ ಹರಡಿದ್ದ ಕೋಣೆಗೆ ವ್ಯಾಕ್ಯೂಮ್ ಕ್ಲೀನರ್ ಹಾಕಿದಳು. ಅಳಿಯಂದಿರು ತುಟಿಪಿಟಕ್ಕೆನ್ನಲಿಲ್ಲ, "ತುಂಬಾ ಥ್ಯಾಂಕ್ಸ್ ಅತ್ತೆ" ಎಂದರು. ನಡುರಾತ್ರಿ ನೀರು ಕುಡಿಯಲು ಎದ್ದ ನಾನು ಕಂಡದ್ದು, ಹಾಲಿನಲ್ಲಿ ಹಳೆಯ ಪೇಪರ್ ಹಾಸಿಕೊಂಡು ಧೂಳಿನ ಚೀಲವನ್ನು ಬಗೆಯುತ್ತಿದ್ದ ಅಳಿಯಂದಿರನ್ನು. ಕೂದಲು, ಕಡಲೆಬೇಳೆ, ನನ್ನ ಮಾತ್ರೆಯೊಂದು, ಅದರ ಅಡಿಯಲ್ಲಿ ಬಾಲ್ರಾಗಿನ ಕೊಂಬು. ಭಾಗವತದಲ್ಲಿ ಸಮುದ್ರ ಮಥನದ ಭಾಗ ಓದುವಾಗ ಈಗಲೂ ನನಗೆ ಆ ಚೀಲ ನೆನಪಾಗುತ್ತದೆ.

ರೆಕ್ಕೆಯ ವ್ಯಾಜ್ಯವನ್ನು ಅವರು ಬಗೆಹರಿಸಿದ ರೀತಿಗೆ ಮಾತ್ರ ನಾನು ತಲೆಬಾಗಿದೆ. ಹೊಗೆಗಪ್ಪಿನ ಪಾರದರ್ಶಕ ತುಂಡುಗಳನ್ನು ಭೂತದ ಬೆನ್ನ ಹಿಂದೆ ಚೆಲ್ಲಾಪಿಲ್ಲಿಯಾಗಿ ನಿಲ್ಲಿಸಿದರು. ನೇರ ನೋಡಿದರೆ ಬರೀ ಹೊಗೆ. ಮುಂದಿನಿಂದ ಒಂದು ದೀಪ ಹಿಡಿದರೆ ಹಿಂದಿನ ಗೋಡೆಯ ಮೇಲೆ ಆ ಹೊಗೆಯ ನೆರಳು ಬಿದ್ದು ಎರಡು ರೆಕ್ಕೆ ಚಾಚುತ್ತದೆ. ಮಾಡೆಲ್ಲಿನಲ್ಲಿ ರೆಕ್ಕೆ ಇಲ್ಲ, ಫೋಟೊದಲ್ಲಿ ಇದೆ! ಉಪಮೆ ರೂಪಕ ಎರಡನ್ನೂ ಒಂದು ಟೇಬಲ್ ಲ್ಯಾಂಪಿನಲ್ಲಿ ಗೆದ್ದರು. ಇಂಥ ವಿದ್ಯಾರ್ಥಿ ನನ್ನ ತರಗತಿಯಲ್ಲಿ ಒಬ್ಬನೂ ಇರಲಿಲ್ಲ.

ತೀರ್ಪುಗಾರರು ಅಲಂಕಾರಶಾಸ್ತ್ರ ಓದಿದವರಲ್ಲ. ಮೊದಲ ಬಹುಮಾನ ಟೋಲ್ಕಿನ್ನನ ಕುಳ್ಳ ಹಾಬಿಟ್ಟನ ದುಂಡು ಬಾಗಿಲಿನ ಮನೆಯೊಂದಕ್ಕೆ ಹೋಯಿತು. ಚೌಕದ ಇಟ್ಟಿಗೆಯಲ್ಲಿ ದುಂಡು ಬಾಗಿಲು ಕೂರಿಸುವುದು ಬಹಳ ಕಷ್ಟ, ಅವರಿಗೇ ಬರಬೇಕಾದದ್ದು ಎಂದು ಅಳಿಯಂದಿರು ದೊಡ್ಡ ಮನಸ್ಸಿನಿಂದ ಹೇಳಿದರು. ಇವರಿಗೆ ಸಮಾಧಾನಕರ ಬಹುಮಾನ. ಸಮಾಧಾನವಾಗದೆ ಉಳಿದವನು ನಾನು. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಲು ಬರುತ್ತದೆಯೇ ಎಂದು ಕೇಳಿದೆ. ಆ ಪದ್ಧತಿ ಇಲ್ಲವಂತೆ.

ಈಗ ಊರಿಗೆ ಬಂದ ಮೇಲೆ ನನ್ನ ತಲೆ ತಿನ್ನುತ್ತಿರುವುದು ಮಯಸಭೆ. ಇಂದ್ರಪ್ರಸ್ಥದ ಆ ಸಭೆಯನ್ನು ಕಟ್ಟಲು ಮಯನಿಗೇ 14 ತಿಂಗಳು ಹಿಡಿಯಿತೆಂದು ವ್ಯಾಸಭಾರತ ಹೇಳುತ್ತದೆ. ನೆಲವನ್ನು ನೀರೆಂದು, ನೀರನ್ನು ನೆಲವೆಂದು ದುರ್ಯೋಧನ ಮೋಸಹೋದನಲ್ಲ, ಲೆಗೋದಲ್ಲಿ ಅದಕ್ಕೆ ಮಾಯೆಯೇ ಬೇಕಿಲ್ಲ. ಗಾಜು, ನೀರು, ಸ್ಫಟಿಕ ಎಲ್ಲಕ್ಕೂ ಒಂದೇ ತೆಳುನೀಲಿ ಪಾರದರ್ಶಕ ಬಿಲ್ಲೆ. ಅಡ್ಡಿ ಇರುವುದು ದರದಲ್ಲಿ: ಹೊರಗಿನಿಂದ ಬರುವ ಆಟಿಕೆಯ ಮೇಲಿನ ಆಮದು ಸುಂಕವನ್ನು ನಮ್ಮ ಸರ್ಕಾರ 2020ರಲ್ಲಿ ಶೇ 20ರಿಂದ 60ಕ್ಕೂ 2023ರಲ್ಲಿ 70ಕ್ಕೂ ಏರಿಸಿತು. ಆದ್ದರಿಂದ ಅಮೆರಿಕದಲ್ಲಿ ಮಗನೋ ಅಳಿಯನೋ ಇರುವ ಓದುಗರಲ್ಲಿ ಒಂದು ಪ್ರಾರ್ಥನೆ. ಹೋಗುವಾಗ ಚಟ್ನಿಪುಡಿ ಒಯ್ಯುವ ಸೂಟ್‌ಕೇಸ್ ಬರುವಾಗ ಅರ್ಧ ಖಾಲಿ ಇರುತ್ತದೆ; ತೆಳುನೀಲಿ ಬಿಲ್ಲೆ ಎಷ್ಟು ಸಿಕ್ಕರೂ ತನ್ನಿ. ಮೊಮ್ಮಕ್ಕಳ ಕೈಲಿ ಮಯಸಭೆ ಕಟ್ಟಿಸಿ ಫೋಟೊ ಕಳಿಸಿ. ತೀರ್ಪು ನಾನು ಕೊಡುತ್ತೇನೆ, ಮರುಮೌಲ್ಯಮಾಪನಕ್ಕೂ ಅವಕಾಶವಿದೆ. ಗೋಂದು ಮಾತ್ರ ಹಚ್ಚಬೇಡಿ.